ರೋಮಿನ ಕಲ್ಲುದಾರಿಯಲ್ಲಿ ಮೊಮ್ಮಗಳ ಶೂ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ, ರೋಮ್. ಇದ್ದವರು ಮೂವರು: ನಾನು, ನನ್ನ ಯಜಮಾನರು, ಪಾಲೋ ಆಲ್ಟೋದಲ್ಲಿ ಓದುತ್ತಿರುವ ಮೊಮ್ಮಗಳು. ಮರುದಿನ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನ. ನೋಡುವುದೇನಿದ್ದರೂ ಅಂದೇ ಮುಗಿಯಬೇಕಿತ್ತು.

ನನಗೆ ಮುಖ್ಯವಾದದ್ದು ಒಂದೇ. ಹಾಸನದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಮಾಜ ಪಾಠ ಮಾಡಿದವಳು ನಾನು. ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಹಳೇ ರೋಮಿನ ಊರಚೌಕವಾದ ಫೋರಂನ ನಕ್ಷೆ ಬರೆದು, ಗೆದ್ದ ಸೇನಾಪತಿಯ ಮೆರವಣಿಗೆ ಸಾಗಿದ ದಾರಿಯನ್ನು ಕೋಲಿನಿಂದ ತೋರಿಸುತ್ತಿದ್ದೆ. ಆ ದಾರಿಯನ್ನು ಈ ತುದಿಯಿಂದ ಆ ತುದಿಗೆ ನಡೆಯಬೇಕು. ನನ್ನ ಎಡ ಹಿಮ್ಮಡಿಯ ನೋವಿಗೆ, ನಾವೀಗ ಇರುವ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ ಊರಿನ ಡಾಕ್ಟರು ಅಳತೆ ತೆಗೆದು ಶೂ ಮಾಡಿಸಿಕೊಟ್ಟಿದ್ದರು. ಅದನ್ನು ಹಾಕಿಕೊಂಡು ಆರು ತಿಂಗಳು, ದಿನಾ ಐದೂವರೆಗೆ ಮನೆ ಬಿಟ್ಟು, ಪಾರ್ಕಿನ ಸುತ್ತ ನಾಲ್ಕು ಸುತ್ತು ಹಾಕಿದ್ದೆ.

ಒಂಬತ್ತಕ್ಕೆ ಪ್ಯಾಂಥಿಯನ್. ಹಿಂದೆ ದೇವತೆಗಳ ಗುಡಿ, ಈಗ ಚರ್ಚು. ಮೊಮ್ಮಗಳು ಟಿಕೆಟ್ಟು ಹಿಡಿದು ಮುಂದೆ ಹೋದಳು. ಯಜಮಾನರು ತಲೆಯೆತ್ತಿ ಮೇಲಿನ ಬರಹ ನೋಡುತ್ತಿದ್ದರು. ನಾನು ಶೂ ಬಿಚ್ಚಿ, ಕಂಬದ ಬುಡಕ್ಕೆ ಜೋಡಿಸಿಟ್ಟು, ಕಾಲುಚೀಲದಲ್ಲೇ ಒಳಗೆ ಹೋದೆ. ಯೋಚಿಸಿ ಮಾಡಿದ್ದಲ್ಲ. ಗುಡಿ ಎಂದರೆ ಕಾಲಲ್ಲಿದ್ದದ್ದು ಹೊರಗೇ ಉಳಿಯುತ್ತದೆ.

ಗುಮ್ಮಟದ ನಡುವಿನ ಕಂಡಿಯಿಂದ ಬಿಸಿಲು ಗೋಡೆಯ ಮೇಲೆ ದುಂಡಗೆ ಬಿದ್ದಿತ್ತು. ನೆಲ ತಣ್ಣಗಿತ್ತು. ಸುತ್ತ ನೋಡಿದರೆ ಎಲ್ಲರ ಕಾಲಲ್ಲೂ ಬೂಟು. ಹತ್ತು ನಿಮಿಷದಲ್ಲೇ ಹೊರಗೆ ಬಂದೆ. ಕಂಬ ಇತ್ತು, ಶೂ ಇರಲಿಲ್ಲ. ಮೊಮ್ಮಗಳು ಕಾವಲಿನವನನ್ನು ವಿಚಾರಿಸಿದಳು. ಅವನು ನನ್ನ ಪಾದಗಳನ್ನು ನೋಡಿ ಇಲ್ಲವೆಂದು ತಲೆಯಾಡಿಸಿದ.

"ಅಲ್ಲ ಮೇಡಂ, ಇಷ್ಟು ವರ್ಷ ರೋಮ್ ಪಾಠ ಮಾಡಿದ್ರಿ, ಚಪ್ಪಲಿ ಸ್ಟ್ಯಾಂಡ್ ಇದೆಯೋ ಇಲ್ವೋ ಅಂತ ಓದ್ಲಿಲ್ವಾ?" ಎಂದರು ಯಜಮಾನರು.

"ನಗಬೇಡಿ. ಟೈಮೆಷ್ಟು?"

"ಒಂಬತ್ತೂವರೆ. ನಡಿ, ಹೋಟೆಲಿಗೆ ಹೋಗೋಣ. ಫೋರಮ್ಮು ಎಲ್ಲೂ ಓಡಿಹೋಗಲ್ಲ."

"ನಾವು ಹೋಗ್ತೀವಲ್ರೀ, ನಾಳೆ!"

ಮೊಮ್ಮಗಳು ಅಷ್ಟರಲ್ಲಿ ಎದುರಿನ ಕಾರಂಜಿಯ ಕಟ್ಟೆ ಮೇಲೆ ಕೂತು ತನ್ನ ಶೂ ಬಿಚ್ಚಿದ್ದಳು. "ಅಜ್ಜಿ, ಆಲ್ಮೋಸ್ಟ್ ಸೇಮ್ ಸೈಜು. ಹಾಕ್ಕೋ."

"ನೀನೇನು ಹಾಕ್ಕೋತೀಯ?"

"ಅಲ್ಲಿ ಅಂಗಡೀಲಿ ಫ್ಲಿಪ್‌ಫ್ಲಾಪ್ಸ್ ಇದೆ. ನಮ್ಮಲ್ಲಿ ಎಲ್ರೂ ಅದ್ರಲ್ಲೇ ಓಡಾಡೋದು. ಐ ಆಮ್ ಫ್ರಮ್ ಕ್ಯಾಲಿಫೋರ್ನಿಯಾ, ಅಜ್ಜಿ!"

ಅವಳು ರಬ್ಬರ್ ಚಪ್ಪಲಿ ಕೊಂಡು ಮೆಟ್ಟಿಕೊಂಡು ಬಂದಳು. ಅವಳ ಶೂ ನನಗೆ ಅರ್ಧ ಬೆರಳು ಉದ್ದವಿತ್ತು. ಯಜಮಾನರ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಿಮ್ಮಡಿಯ ಕೆಳಗಿಟ್ಟೆ. ಟ್ಯಾಕ್ಸಿಯಲ್ಲಿ ಫೋರಮ್ಮಿನ ಕೊಲೋಸಿಯಂ ಕಡೆಯ ಬಾಗಿಲಿಗೆ ಹೋದೆವು. ಹತ್ತು ನಲವತ್ತಕ್ಕೆ ದಾರಿಯ ಮೇಲ್ತುದಿಯ ಕಮಾನಿನ ಕೆಳಗಿಂದ ಇಳಿಯಲು ಶುರು ಮಾಡಿದೆ.

ಅಗಲವಾದ, ಸಮತಟ್ಟಾದ ರಾಜಮಾರ್ಗವೆಂದು ಮಕ್ಕಳಿಗೆ ಹೇಳುತ್ತಿದ್ದೆ. ತಪ್ಪು. ಎರಡು ಎತ್ತಿನಗಾಡಿ ಎದುರಾದರೆ ಇಕ್ಕಟ್ಟಾಗುವಷ್ಟೇ ದಾರಿ. ಕಪ್ಪು ಕಲ್ಲುಗಳು ಕವುಚಿಟ್ಟ ಬೋಗುಣಿಗಳಂತೆ ಉಬ್ಬಿದ್ದವು. ಐವತ್ತು ಹೆಜ್ಜೆ, ಹತ್ತು ಉಸಿರು, ಮತ್ತೆ ಐವತ್ತು ಎಂದು ನಿಯಮ ಹಾಕಿಕೊಂಡೆ. ಎಡಬಲದಲ್ಲಿ ಮುರಿದ ಕಂಬಗಳು, ಸೂರಿಲ್ಲದ ಗೋಡೆಗಳು. ಪ್ರತಿ ನಿಲುಗಡೆಯಲ್ಲೂ ಒಂದೊಂದನ್ನು ಮೊಮ್ಮಗಳಿಗೆ ವಿವರಿಸಿದೆ. ಅರ್ಧ ದಾರಿಗೆ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತಾಯಿತು.

"ಸಾಕು ಕಣೇ," ಎಂದರು ಯಜಮಾನರು. ಈ ಸಲ ಅವರು ನಗುತ್ತಿರಲಿಲ್ಲ.

"ಐವತ್ತು ಹೆಜ್ಜೆ ಅಲ್ಲ, ಇಪ್ಪತ್ತು," ಎಂದೆ. ನಿಯಮ ಬದಲಾಯಿತು, ದಾರಿ ಬದಲಾಗಲಿಲ್ಲ. ಕೊನೆಯ ಇಪ್ಪತ್ತಕ್ಕೆ ಮೊಮ್ಮಗಳ ತೋಳು ಹಿಡಿದೆ. ಹನ್ನೆರಡೂಕಾಲು ಗಂಟೆಗೆ, ದಾರಿಯ ಆ ತುದಿಯಲ್ಲಿ, ಗುಡ್ಡದ ಬುಡದ ದೊಡ್ಡ ಕಮಾನಿನ ಕಲ್ಲಿಗೆ ಅಂಗೈ ಒತ್ತಿ ನಿಂತೆ.

"ಅಜ್ಜಿ, ಯೂ ಡಿಡ್ ಇಟ್! ಫೋಟೋ?"

"ಮೊದಲು ಕೂರಬೇಕು," ಎಂದೆ.

ಸಂಜೆ ಹೋಟೆಲಿನ ಟಬ್ಬಿನಲ್ಲಿ ಯಜಮಾನರೇ ಬಿಸಿನೀರು ಬಿಟ್ಟು ಉಪ್ಪು ಹಾಕಿದರು. ಅರ್ಧ ಗಂಟೆ ಕಾಲು ಇಳಿಬಿಟ್ಟೆ. ಆಮೇಲೆ ಮೊಮ್ಮಗಳ ಶೂ ಒರೆಸಿ, ಅವರ ಕರವಸ್ತ್ರವನ್ನು ಸೋಪು ಹಾಕಿ ಒಗೆದು, ಹಿಂಡಿ, ಒಣಹಾಕಿದೆ.