ಶೀನ ಅಲೆ ಏರಿದ ವರ್ಷ

ಆಗ ಮುಂಬಯಿಯ ಮಲಾಡಿನ ನಮ್ಮ ಬಿಲ್ಡಿಂಗಿನ ಮಕ್ಕಳಿಗೆಲ್ಲ ಕ್ರಿಕೆಟ್ಟಿನ ಹುಚ್ಚು. ನನಗೂ ಅಣ್ಣನಿಗೂ ಮಾತ್ರ ಶೀನನ ಹುಚ್ಚು. ಶೀನ ಎಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ರಿಮೋಟಿನ ಗೊಂಬೆ. ಯೂಟ್ಯೂಬ್ ನೋಡಿ ನಾವೇ ಮಾಡಿದ್ದು. ಕೆಟ್ಟುಹೋದ ಆಟದ ದೋಣಿಯ ಮೋಟಾರು, ಫ್ರಿಜ್ಜಿನ ಪ್ಯಾಕಿಂಗಿನಲ್ಲಿ ಬಂದಿದ್ದ ಫೋಮಿನ ಹಲಗೆ, ಅಪ್ಪ ಮ್ಯಾನೇಜರಾಗಿದ್ದ ಹೋಟೆಲಿನ ಹಳೇ ನ್ಯಾಪ್ಕಿನ್ನಿನಲ್ಲಿ ಅಮ್ಮ ಹೊಲಿದ ಚಡ್ಡಿ. ನೀರು ನುಗ್ಗದಂತೆ, ರಿಮೋಟಿನ ಸಂಕೇತ ಹಿಡಿಯುವ ರಿಸೀವರನ್ನು ಬಲೂನಿಗೆ ತುರುಕಿ ಬಾಯಿ ಕಟ್ಟಿದ್ದೆವು. ಮನೆಯಿಡೀ ಅಂಟಿನ ವಾಸನೆ. "ದೋಸೆಗೂ ಅದೇ ವಾಸನೆ ಮಾರಾಯ್ತಿ" ಎಂದು ಅಮ್ಮ ಗೊಣಗುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಪ್ರತಿ ಭಾನುವಾರ ಆಕ್ಸಾ ಬೀಚು. ಮೊಣಕಾಲು ನೀರಿನಾಚೆ ಹೋಗಬಾರದೆಂದು ಅಮ್ಮನ ಕಟ್ಟಪ್ಪಣೆ. ಮೊದಮೊದಲು ಶೀನ ಅಲೆಯಿಂದ ಜಾರುವಾಗ ಮೂಗು ಕುಟ್ಟಿ ಮುಳುಗುತ್ತಿದ್ದ. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದೆವು. ಈಗ ಬಾಲ ಭಾರವಾಗಿ, ಅಲೆ ಅವನನ್ನು ಬಿಟ್ಟೇ ಮುಂದೆ ಹೋಗುತ್ತಿತ್ತು. ಮತ್ತೆ ಬೆರಳಗಲ ಮುಂದೆ ತಂದೆವು. ಮಗುಚಿದರೆ ತಾನೇ ಏಳಲಿ ಎಂದು ಹಲಗೆಯಡಿಯ ರೆಕ್ಕೆಗೆ ಮೀನುಬಲೆಯ ಸೀಸದ ಗುಂಡು ಕಟ್ಟಿದೆವು. ಕೊನೆಗೊಂದು ಭಾನುವಾರ ಶೀನ ಸೊಂಟ ವಾಲಿಸಿ, ಅಲೆಯ ಮೇಲೆ ಓರೆಯಾಗಿ ಜಾರುತ್ತಾ ದಡದವರೆಗೂ ಬಂದ! ಅಣ್ಣ ನೀರಲ್ಲೇ ಕುಣಿದ.

ನನಗೆ ಅದನ್ನು ಅಪ್ಪನಿಗೆ ತೋರಿಸಬೇಕಿತ್ತು. ಹೋಟೆಲ್ ಮ್ಯಾನೇಜರಿಗೆ ಭಾನುವಾರ ಎಲ್ಲಿಯ ರಜೆ?

"ಬರುವ ವಾರ ಖಂಡಿತ ಬರ್ತೇನೆ ಮಗಾ. ದಣಿಗಳ ಹತ್ರ ಕೇಳ್ತೇನೆ" ಎಂದರು ಅಪ್ಪ.

ಶನಿವಾರ ಹೋಟೆಲಿನ ದಣಿಗಳೇ ಮೊಮ್ಮಗನೊಂದಿಗೆ ನಮ್ಮ ಮನೆಗೆ ಬಂದರು. ಅಮ್ಮ ಗೋಳಿಬಜೆ ಕರಿದಳು. ಮೊಮ್ಮಗ ಬಜೆ ಮುಟ್ಟಲಿಲ್ಲ. ಶೀನನನ್ನು ತಬ್ಬಿಕೊಂಡು "ಮುಝೇ ಯೇ ಚಾಹಿಯೇ" ಎಂದು ನೆಲದಲ್ಲಿ ಹೊರಳಿದ.

"ಬೇಡ, ಅದು ಅವರದ್ದು" ಎಂದರು ದಣಿಗಳು, ಬಾಯಿಮಾತಿಗೆ.

"ತಕೊಳ್ಳಲಿ ದಣಿಗಳೇ, ಅದೆಂತ ಮಹಾ? ಇವರು ಬೇರೆ ಮಾಡ್ತಾರೆ" ಎಂದರು ಅಪ್ಪ.

"ಅಪ್ಪಾ, ನಾಳೆ ನಿಮಗೆ ತೋರಿಸಲಿಕ್ಕೆ..."

"ಸುಮ್ನಿರು. ಸಣ್ಣ ಮಗು ಅಲ್ವಾ ಅದು?"

ನಾನು ಮಗು ಅಲ್ಲವೇ? ದಣಿಗಳ ಮನೆಯ ಕೂಸು ಬೆರಳು ತೋರಿಸಿದ್ದೆಲ್ಲ ಆ ಕೂಸಿನದೇ ಎಂಬುದು ನಮ್ಮವರಲ್ಲಿ ಯಾರೂ ಬರೆಯದ ಕಾನೂನು. ರಿಮೋಟನ್ನು ಅಪ್ಪ ತಮ್ಮ ಕೈಯಾರೆ ಚೀಲಕ್ಕೆ ಹಾಕಿ ಕೊಟ್ಟರು. ದಣಿಗಳು ಬಾಗಿಲಲ್ಲಿ ನಿಂತು, "ನಾಳೆ ನೀನು ಕೌಂಟರಿಗೆ ಬರುವುದು ಬೇಡ, ಮಕ್ಕಳ ಜೊತೆ ಇರು" ಎಂದು ಉದಾರವಾಗಿ ಹೇಳಿದರು.

ಮರುದಿನ ಅಪ್ಪ ನಮ್ಮನ್ನು ಆಕ್ಸಾಕ್ಕೆ ಕರೆದುಕೊಂಡು ಹೋದರು. ಬರಿಗೈಯಲ್ಲಿ! ಅಲೆಗಳು ನಮಗೆ ಬೇಕಾದ ಹಾಗೆಯೇ ಏಳುತ್ತಿದ್ದವು. ಅಪ್ಪ ಸುಟ್ಟ ಜೋಳದ ಭುಟ್ಟಾ ಕೊಡಿಸಿ, "ಎಂತ ಮುಖ ಊದಿಸ್ಕೊಂಡು ಕೂತಿದ್ದಿ? ಸಮುದ್ರ ನೋಡು" ಎಂದರು. ಭುಟ್ಟಾವನ್ನು ಮರಳಿಗೆ ಎಸೆದೆ.

ಶೀನ ವಾರದೊಳಗೆ ದಣಿಗಳ ಮನೆಯ ಬಾತ್‌ಟಬ್ಬಿನಲ್ಲಿ ಕೆಟ್ಟು ಕೂತನಂತೆ. ಟಬ್ಬಿನಲ್ಲಿ ಅಲೆ ಎಲ್ಲಿಂದ ಬರಬೇಕಿತ್ತು, ದರಿದ್ರದವಕ್ಕೆ! ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಈಗ ನಾನು ಮಾಡುವ ಗೊಂಬೆಗಳು ಶೀನನಿಗಿಂತ ಚುರುಕು, ಎಂಥ ಅಲೆಗೂ ಮಗುಚುವುದಿಲ್ಲ. ಕೆಲಸದಿಂದ ನಿವೃತ್ತರಾದ ಅಪ್ಪನಿಗೂ ಈಗ ಎಲ್ಲ ಭಾನುವಾರ ರಜೆಯೇ. ನಾನು ಚೀಲ ಹೆಗಲಿಗೇರಿಸಿದೊಡನೆ, "ಆಕ್ಸಾಕ್ಕಾ ಮಗಾ?" ಎನ್ನುತ್ತಾ ಚಪ್ಪಲಿ ಹುಡುಕುತ್ತಾರೆ.

"ಹೌದು" ಎಂದು ಹೇಳಿ ನಾನೊಬ್ಬಳೇ ರಿಕ್ಷಾ ಹತ್ತುತ್ತೇನೆ.