ಸಮುದ್ರದ ದಂಡೆಯ ಏಕಾದಶಿ

ಕೊಂಕಣದ ಹರಿಹರೇಶ್ವರದಲ್ಲಿ, ಸಮುದ್ರದ ದಂಡೆಯಲ್ಲಿ ಅತ್ತೆ ಚಾಪೆಯ ಮೇಲೆ ಕುಳಿತಿದ್ದರು. ನಾನು ಒದ್ದೆ ಸೆರಗು ಹಿಂಡುತ್ತ ಹತ್ತಿರ ಹೋದಾಗ, ‘ಕಮಲಾ, ಹಾಲು ಉಕ್ಕಲಿಕ್ಕತ್ತದ ನೋಡು’ ಎಂದರು. ಕಮಲಾ ಅವರ ತಂಗಿ. ತೀರಿಕೊಂಡು ಎಷ್ಟೋ ವರ್ಷವಾಯಿತು. ಸಮುದ್ರದ ನೊರೆ ನೋಡಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಎಲ್ಲರನ್ನೂ ಕರೆದು ಹೇಳಿದೆ.

ನಾವೆಲ್ಲ ನಕ್ಕೆವು.

ಅವರ ಹಣೆ, ಕುತ್ತಿಗೆ ಬೆವರಿನಿಂದ ತೊಯ್ದಿದ್ದವು. ಬಿಸಿಲು ಹತ್ತಿದೆ ಎಂದರು ನನ್ನ ಗಂಡ. ಒದ್ದೆ ಟವೆಲ್ ಹಾಕಿ ಗಾಳಿಮರದ ನೆರಳಿಗೆ ಮಲಗಿಸಿದೆವು. ನಿದ್ದೆ ಹತ್ತಿತು. ಮಲಗಲಿ ಎಂದು ಮತ್ತೆ ನೀರಿಗಿಳಿದೆವು. ಅತ್ತೆ, ನಾವಿಬ್ಬರು, ಬೆಳಗಾವಿಯಿಂದ ಬಂದ ನಾದಿನಿ ಸುಧಾ, ನನ್ನ ಮಗಳು, ಅವಳ ಕೂಸು, ಹೀಗೆ ನಾಲ್ಕು ತಲೆಮಾರು ಪುಣೆಯಿಂದ ಒಂದೇ ಗಾಡಿಯಲ್ಲಿ ಹೋಗಿದ್ದೆವು. ಕೂಸು ಮೊದಲ ಸಲ ಸಮುದ್ರ ನೋಡುತ್ತಿತ್ತು. ಫೋಟೋಗಳಿಗೆ ಲೆಕ್ಕವಿಲ್ಲ. ಒಂದರಲ್ಲಿ ನಾವು ನಗುತ್ತಿದ್ದೇವೆ, ಹಿಂದೆ ಅತ್ತೆ ಮಲಗಿದ್ದಾರೆ. ಅದನ್ನು ಅಳಿಸಲು ಇನ್ನೂ ಕೈ ಬಂದಿಲ್ಲ.

ಊಟಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲ.

ಇದಕ್ಕಿಂತ ಮೊದಲಿನದನ್ನು ಹೇಳಬೇಕು. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ.

ಅತ್ತೆಗೆ ಶುಗರ್ ಇತ್ತು. ಆದರೂ ಏಕಾದಶಿ ಬಿಟ್ಟವರಲ್ಲ. ಅಂದು ನೀರು ಬಿಟ್ಟರೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಡಾಕ್ಟರು ಬೇಡವೆಂದ ದಿನ ನನ್ನ ಗಂಡ ದೊಡ್ಡ ದನಿ ತೆಗೆದು, ಇನ್ನು ಮೇಲೆ ಉಪವಾಸ ಬಂದ್ ಎಂದು ಸಾರಿಬಿಟ್ಟರು. ಅತ್ತೆ ಮಗನ ಎದುರು ಹೂಂ ಎಂದು, ಅಡುಗೆಮನೆಗೆ ಬಂದು ನನ್ನ ಸೆರಗು ಜಗ್ಗಿದರು. ಅಂದಿನಿಂದ ನಮ್ಮಿಬ್ಬರ ಕಳ್ಳಾಟ ಶುರು. ಇವರು ಬೆಳಿಗ್ಗೆ ಆರಕ್ಕೇ ತಳೇಗಾಂವದ ಫ್ಯಾಕ್ಟರಿಗೆ ಹೋಗುವವರು. ಮನೆಯಲ್ಲಿ ಯಾರು ಉಂಡರು, ಯಾರು ಬಿಟ್ಟರು ಎಂದು ತಿಳಿಯುತ್ತಿರಲಿಲ್ಲ. ಒಮ್ಮೆ ಉಪವಾಸದ ದಿನ ಮಾತ್ರೆ ನುಂಗಿ ಅತ್ತೆಯ ಕಣ್ಣಿಗೆ ಕತ್ತಲೆ ಬಂದಿತ್ತು. ಆಮೇಲೆ ಏಕಾದಶಿಯಂದು ನಾನು ಬಿಪಿ ಮಾತ್ರೆ ಮಾತ್ರ ಕೊಡುತ್ತಿದ್ದೆ, ಶುಗರಿನದನ್ನು ತೆಗೆದಿಡುತ್ತಿದ್ದೆ. ಅತ್ತೆಗೆ ಅದು ಯಾವುದು, ಇದು ಯಾವುದು ಗೊತ್ತಿರಲಿಲ್ಲ. ಅಂಗೈಗೆ ಹಾಕಿದ್ದನ್ನು ನುಂಗುತ್ತಿದ್ದರು. ಔಷಧದಿಂದ ಉಪವಾಸ ಕೆಡುವುದಿಲ್ಲ ಎನ್ನುತ್ತಿದ್ದರು.

ಹರಿಹರೇಶ್ವರದ ಲಾಡ್ಜಿನಿಂದ ದಂಡೆಗೆ ಹೊರಡುವ ಬೆಳಿಗ್ಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: ‘ಇವತ್ತ ಏಕಾದಶಿ ಅದ. ಅವಂಗ ಹೇಳಬ್ಯಾಡ, ಹುಡುಗರ ಸಂತೋಷ ಕೆಡ್ತದ.’

ತಲೆ ಆಡಿಸಿದೆ. ನನಗೂ ನಾಲ್ಕು ದಿನ ರಜೆ ಇರಲಿ ಎಂದು ಪ್ರವಾಸದಲ್ಲಿ ಮಾತ್ರೆಯ ಡಬ್ಬಿಯನ್ನು ಇವರು ವಹಿಸಿಕೊಂಡಿದ್ದರು. ನಾನು ಕೂಸಿಗೆ ಗಂಜಿ ತಿನ್ನಿಸುತ್ತಿದ್ದೆ. ಎದುರಿಗೇ ಇವರು ತಾಯಿಯ ಅಂಗೈಯಲ್ಲಿ ಮಾತ್ರೆಗಳನ್ನಿಟ್ಟರು. ಎಲ್ಲವನ್ನೂ. ಅತ್ತೆ ನುಂಗಿದರು.

ನಾನು ನೋಡಿದೆ.

ಒಂದು ಮಾತು ಸಾಕಿತ್ತು. ನನ್ನದು ಸುಮ್ಮನಿರುವ ಬಾಯಲ್ಲ, ಪುಣೆಯಲ್ಲಿ ನಾವಿರುವ ಇಡೀ ಖಡಕಿಗೆ ಗೊತ್ತು. ಅಂದು ಮಾತ್ರ ಸುಮ್ಮನಾಯಿತು. ಹೇಳಿದರೆ ಸುಧಾಳ ಎದುರು ನಮ್ಮ ಇಷ್ಟು ವರ್ಷದ ಕಳ್ಳಾಟ ಬಯಲಾಗುತ್ತದೆ, ಇವರು ಕೂಗಾಡುತ್ತಾರೆ, ದಿನ ಹಾಳಾಗುತ್ತದೆ ಎಂದು ಅಂಜಿದೆ. ಆಮೇಲೆ ಕೈಕಾಲು ಬಿದ್ದಾದರೂ ಒಂದಿಷ್ಟು ಎಳನೀರು ಕುಡಿಸಿದರಾಯಿತು ಎಂದುಕೊಂಡೆ. ನೀರಾಟದಲ್ಲಿ ಮರೆತೆ.

ಅಲ್ಲಿನ ಸಣ್ಣ ದವಾಖಾನೆಯ ಡಾಕ್ಟರು ಬೆರಳು ಚುಚ್ಚಿ ನೋಡಿ, ಕೂಡಲೇ ಗ್ಲೂಕೋಸ್ ಏರಿಸಿದರು. ಬೆಳಿಗ್ಗೆ ಏನು ತಿಂದಿದ್ದರು ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲರಂತೆ ಅವಲಕ್ಕಿ ಪೋಹೆ ಎಂದರು ಇವರು. ಏನೂ ತಿಂದಿಲ್ಲ, ಇವತ್ತು ಏಕಾದಶಿ ಎಂದು ಈಗ ನೆನಪಾಯಿತು ಎಂದೆ ನಾನು. ಈಗ ನೆನಪಾಯಿತು ಎಂದದ್ದು ಸುಳ್ಳು.

ಆಂಬ್ಯುಲೆನ್ಸ್‌ನಲ್ಲಿ ಪುಣೆಗೆ ತಂದೆವು. ಐಸಿಯು, ವೆಂಟಿಲೇಟರ್, ಎಂಆರ್‌ಐ. ಶುಗರ್ ಬಹಳ ಹೊತ್ತು ಲೋ ಇದ್ದುದರಿಂದ ಬ್ರೇನ್‌ಗೆ ಪೆಟ್ಟಾಗಿದೆ, ಜೀವ ಉಳಿಯಬಹುದು, ಗುರುತು ನೆನಪುಗಳ ಬಗ್ಗೆ ಭರವಸೆ ಕೊಡಲಾರೆ ಎಂದರು ನ್ಯೂರಾಲಜಿಸ್ಟ್. ಇವರು ಕಾರಿಡಾರಿನ ಗೋಡೆಗೆ ಹಣೆ ಹಚ್ಚಿ ನಿಂತರು. ‘ನಾನ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ’ ಎಂದರು. ನಾನು ಅವರ ಬೆನ್ನು ಸವರಿದೆ. ಆಗಲೂ ಹೇಳಲಿಲ್ಲ.

ಅತ್ತೆ ಮನೆಗೆ ಬಂದರು. ಯಾರ ಗುರುತೂ ಇಲ್ಲ. ಮೂಗಿನ ಟ್ಯೂಬ್ ತೆಗೆದ ಮೇಲೆ ಚಮಚದಲ್ಲಿ ತಿನ್ನಿಸಬೇಕಿತ್ತು. ಆ ವಾರದಲ್ಲೇ ಏಕಾದಶಿ ಬಂತು. ಊಟ ತಪ್ಪಿಸಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮೊಸರನ್ನ ಮಿದ್ದು ತುಟಿಯ ಹತ್ತಿರ ಹಿಡಿದೆ. ಬಾಯಿ ಮುಚ್ಚಿಕೊಳ್ಳಲಿ, ಮುಖ ತಿರುಗಿಸಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಅತ್ತೆ ಬಾಯಿ ತೆರೆದರು. ಉಂಡರು. ‘ಇನ್ನಷ್ಟು ಹಾಕು’ ಎಂದರು.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಏಕಾದಶಿಯಂದು ಅವರು ಒಂದು ಅಗುಳು ಮುಟ್ಟಿದ್ದನ್ನು ನಾನು ನೋಡಿದವಳಲ್ಲ. ನನ್ನಿಂದ ತಡೆಯಲಾಗಲಿಲ್ಲ. ಸಂಜೆ ಇವರು ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ.

ಇವರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎಂಟು ದಿನ ನನ್ನೊಡನೆ ಮಾತಿಲ್ಲ. ಅತ್ತೆಯ ಮಗ್ಗಲು ಬದಲಿಸಲು, ಡೈಪರ್ ಹಾಕಲು ಇಬ್ಬರೂ ಆ ಕಡೆ ಈ ಕಡೆ ನಿಲ್ಲುತ್ತಿದ್ದೆವು. ಕೈಗಳು ಕೆಲಸ ಮಾಡುತ್ತಿದ್ದವು, ಅಷ್ಟೇ. ಒಂಬತ್ತನೆಯ ದಿನ, ಹಾಸಿಗೆಯ ಚಾದರ ಸರಿಮಾಡುತ್ತ ಕೇಳಿದರು: ‘ಅವ್ವ ನಿನಗ ಹೇಳಿದ್ಲು. ನನಗ್ಯಾಕ ಹೇಳಲಿಲ್ಲ ಅಕಿ?’

‘ನಿಮಗ ಅಂಜತಿದ್ರು ರೀ’ ಎಂದೆ. ‘ನಾನೂ ಅಂಜಿದೆ.’

ಇವರು ತಾಯಿಯ ಕಾಲ ಬಳಿ ಕುಳಿತು ಅತ್ತರು. ನಾನೂ ಅತ್ತುಬಿಟ್ಟೆ. ಕ್ಷಮಿಸಿದ್ದೇನೆ ಎಂದು ಇವರು ಹೇಳಿಲ್ಲ. ನಾನು ಕೇಳಿಲ್ಲ, ಕೇಳುವ ಮುಖವೂ ನನಗಿಲ್ಲ.

ಈಗ ಸಂಜೆಯ ಊಟ ಇವರೇ ಮಾಡಿಸುತ್ತಾರೆ. ಫ್ಯಾಕ್ಟರಿಯಿಂದ ಬಂದವರು ಕೈಕಾಲು ತೊಳೆದು ಬಟ್ಟಲು ಹಿಡಿದು ಕೂಡುತ್ತಾರೆ. ದನಿ ಏರಿಸಿ ಮಾತಾಡಿದ್ದನ್ನು ನಾನು ಇತ್ತೀಚೆಗೆ ಕೇಳಿಲ್ಲ. ನಿನ್ನೆ ಅತ್ತೆ ಚಮಚ ತಡೆದು ಇವರ ಮುಖವನ್ನು ಬಹಳ ಹೊತ್ತು ನೋಡಿದರು. ಗುರುತು ಸಿಕ್ಕಿತೇನೋ ಎಂದು ನಾನು ಹತ್ತಿರ ಬಂದು ನಿಂತೆ.

‘ನಿಮ್ಮದು ಊಟ ಆತೇನ್ರಿ?’ ಎಂದು ಕೇಳಿದರು, ಮನೆಗೆ ಬಂದ ಪರವೂರಿನವರನ್ನು ಕೇಳುವಂತೆ.

‘ಇಲ್ಲವ್ವಾ, ಇನ್ನೂ ಆಗಿಲ್ಲ.’

ಅತ್ತೆ ಬಟ್ಟಲನ್ನು ಇವರ ಕಡೆಗೆ ಸರಿಸಿದರು. ಇವರು ಎರಡು ಚಮಚ ಉಂಡು, ಉಳಿದದ್ದನ್ನು ತಾಯಿಗೆ ತಿನ್ನಿಸಿದರು.