ತಂಬಿಗೆ ಹಿಡಿಸುವ ದೇವರು

ತುಪ್ಪದಲ್ಲಿ ಜೀರಿಗೆ ಸಿಡಿದು ಅದರ ಮೇಲೆ ಶೇಂಗಾ ಪುಡಿ ಬಿದ್ದ ವಾಸನೆ ಇವತ್ತು ಮುಂಜಾನೆ ನನ್ನ ಕೋಣೆಯವರೆಗೂ ಬಂತು. ಸಾಬೂದಾಣಿ ಖಿಚಡಿ, ಅಂದರೆ ಸಬ್ಬಕ್ಕಿಯದು. ನಮ್ಮ ಸೋಲಾಪುರದಲ್ಲಿ ಈ ವಾಸನೆ ಬಂತೆಂದರೆ ಮನೆಯಲ್ಲಿ ಯಾರದೋ ಉಪವಾಸ.

"ಶ್ರಾವಣೀದ್ರಿ ಅತ್ತಿ," ಎಂದಳು ನಿಮ್ಮವ್ವ.

ಗಂಟಲು ಬೇನೆಗೆ ಗುಳಿಗೆ ನುಂಗುತ್ತಿದ್ದ ನನ್ನ ಈ ಮೊಮ್ಮಗಳಿಗೆ ಈಗ ಯಾವ ಉಪವಾಸ? ನನಗೆ ಒಳಗೊಳಗೇ ನಗು. ಯಾಕೆಂದು ಹೇಳುತ್ತೇನೆ ಮೊಮ್ಮಕ್ಕಳೇ. ಇವತ್ತಿನವರೆಗೆ ಇದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಚಿಕ್ಕಂದಿನಲ್ಲಿ ಕರಜಗಿ ಊರಿನ ಸಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆದಿದ್ದೇನೆ. ಮರಾಠಿ ಕಲಿತ ನಿಮಗೆ ಓದಲು ತೊಡಕಾದರೆ ನಿಮ್ಮಪ್ಪನಿಂದ ಓದಿಸಿಕೊಳ್ಳಿ, ನಾನು ಎದುರಿಗಿಲ್ಲದಾಗ.

ಆಗ ನಿಮ್ಮ ಸೋದರತ್ತೆ ಚೊಚ್ಚಲ ಬಸುರಿ. ಅವಳಿಗೆ ಅಕ್ಕಲಕೋಟೆಯ ಬೀಗರ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ನಾನು ಎರಡು ದಿನ ಮುಂಚೆಯೇ ಎಸ್.ಟಿ. ಬಸ್ಸು ಹತ್ತಿದೆ. ಹಲ್ಲಿನ ಕೀವಿಗೆ ಡಾಕ್ಟರು ಕೊಟ್ಟ ಗುಳಿಗೆ ಚೀಲದಲ್ಲಿದ್ದವು. ಹಲ್ಲು ಸುಮ್ಮನಾಯಿತು, ಹೊಟ್ಟೆ ಶುರುವಾಯಿತು. ಬೀಗರ ಎದುರು ಗಟ್ಟಿಯಾಗಿ ಸೀನಲೂ ಸಂಕೋಚಪಡುವವಳು ನಾನು. ಜುಲಾಬು ಎಂಬ ಶಬ್ದ ಬಾಯಿಗೆ ಬಂದೀತೇ? ಊಟಕ್ಕೆ ಕರೆದಾಗ, "ಇವತ್ತ ನಂದು ಉಪಾಸರಿ," ಎಂದುಬಿಟ್ಟೆ. ಒಳಗೆ ಏನೂ ಹೋಗದಿದ್ದರೆ ತಾನಾಗಿಯೇ ನಿಂತೀತೆಂದು ನೀರನ್ನೂ ಮುಟ್ಟಲಿಲ್ಲ.

ನಮ್ಮ ಕಡೆ ಉಪವಾಸವೆಂದರೆ ಇನ್ನಷ್ಟು ತಿನ್ನುವುದು ಎಂಬುದನ್ನೇ ಮರೆತಿದ್ದೆ! ಬೀಗತಿ ಗಂಗವ್ವ ಕುರಿಹಿಂಡು ಆಳಿದ ಹೆಂಗಸು, ಧ್ವನಿಯೂ ಹಾಗೆಯೇ. ಹೊತ್ತು ಸರಿಯುವುದರೊಳಗೆ ತುಪ್ಪ ತೇಲುವ ಖಿಚಡಿ, ಶೇಂಗಾ ಲಾಡು, ಗಟ್ಟಿ ಹಾಲು ಎದುರಿಗೆ ಬಂದವು. "ಸಾಕ್ರಿ" ಎಂದರೆ, "ಉಪಾಸದವರು ಸಾಕ ಅನಬಾರದ್ರಿ, ದೇವರು ಸಿಟ್ಟಾಗ್ತಾನ," ಎಂದು ಮತ್ತೊಂದು ಸೌಟು.

ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಕಣ್ಣು ಕತ್ತಲಿಟ್ಟು ಕುಸಿದು ಕುಳಿತೆ. ತಂಬಿಗೆ ಉರುಳಿತು. ನಾಲಿಗೆ ಒಣಗಿ ಅಂಟಿತ್ತು. ನಾಡಿದ್ದು ಮಗಳ ಉಡಿ ತುಂಬಲು ಎದ್ದು ನಿಲ್ಲಲಾದೀತೇ ಎಂಬ ಹೆದರಿಕೆ ಆಗ ಹೊಕ್ಕಿತು. ಗಂಗವ್ವ ಬಂದು ನನ್ನನ್ನೊಮ್ಮೆ, ತಂಬಿಗೆಯನ್ನೊಮ್ಮೆ ನೋಡಿದರು.

"ಬೀಗತಿ, ಖರೇ ಹೇಳ್ರಿ. ಇದ್ಯಾವ ದೇವರರಿ, ತಂಬಗಿ ಹಿಡಿಸಿ ಹಿತ್ತಲಕ್ಕ ಓಡಸೂ ದೇವರು?"

ಅಳುವೂ ನಗುವೂ ಒಟ್ಟಿಗೇ ಬಂದವು. ಹೂಂ ಎಂದು ತಲೆಯಾಡಿಸಿದೆ.

ರಿಕ್ಷಾದಲ್ಲಿ ಡಾಕ್ಟರಬಾಯಿ ಕಡೆಗೆ ಒಯ್ದರು. ನನ್ನ ಪರವಾಗಿ ಎಲ್ಲವನ್ನೂ ಗಂಗವ್ವನೇ ಹೇಳಿದರು, ಹೊರಗೆ ಕೂತವರಿಗೂ ಕೇಳುವಂತೆ. ಡಾಕ್ಟರಬಾಯಿ ಮೊದಲು ಉಪ್ಪು-ಸಕ್ಕರೆ ಪುಡಿ ಕಲಸಿದ ನೀರು ಗುಟುಕು ಗುಟುಕಾಗಿ ಕುಡಿಸಿದರು. ನೀರು ಬಿಟ್ಟದ್ದಕ್ಕೆ ಬೈದರು. ಹಲ್ಲಿನ ಗುಳಿಗೆ ಬದಲಿಸಿದರು. ಆಮೇಲೆ ಸಣ್ಣ ಪುಡಿಕೆ ತೋರಿಸಿದರು.

"ಆ ಗುಳಿಗಿ ಹೊಟ್ಟ್ಯಾನ ಚಲೋ ಕ್ರಿಮಿಗೋಳನ್ನೂ ಕೊಂದಾವ. ಇದರಾಗ ಅಂಥಾವ ಜೀವಂತ ಅದಾವ. ಬಿಸಿನೀರಾಗ ಹಾಕಬ್ಯಾಡ್ರಿ, ಸಾಯ್ತಾವ."

"ಅಂದ್ರ ಹೊಟ್ಟ್ಯಾಗ ಹೆಪ್ಪ ಹಾಕೂದನ್ರಿ!" ಎಂದರು ಗಂಗವ್ವ.

ಡಾಕ್ಟರಬಾಯಿ ನಕ್ಕು ಹೌದೆಂದರು. ಎಲ್ಲ ಭೇದಿಗೂ ಈ ಪುಡಿ ಬೇಕಾಗಿಲ್ಲ, ಆದರೆ ನೀರು ಮಾತ್ರ ಎಲ್ಲಕ್ಕೂ ಬೇಕು, ಜ್ವರವೋ ರಕ್ತವೋ ಕಂಡರೆ ಓಡಿ ಬರ್ರಿ ಎಂದೂ ಹೇಳಿದರು. ಹಾಲಿಗೆ ಬೆರಳಿಟ್ಟು, ಬಿಸಿ ಆರಿದ ಮೇಲೆ ಹೆಪ್ಪು ಹಾಕುವುದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆ ಹೆಪ್ಪಿನಲ್ಲಿ ಜೀವವಿದೆ ಎಂದು ಮಾತ್ರ ಎಂದೂ ಯೋಚಿಸಿರಲಿಲ್ಲ.

ಕುಬಸದ ದಿನ ಹೊಟ್ಟೆ ಪೂರಾ ಹಿಡಿತಕ್ಕೆ ಬಂದಿರಲಿಲ್ಲ. ಆದರೆ ಕಾಲಲ್ಲಿ ಬಲವಿತ್ತು. ನಿಂತೇ ಉಡಿ ತುಂಬಿದೆ. ನಡುವೆ ಗಂಗವ್ವ ಕಿವಿಯಲ್ಲಿ, "ದೇವರು ಶಾಂತ ಆದನೇನ್ರಿ?" ಎಂದಾಗ ಬೀಗರೆಲ್ಲರ ಎದುರು ಜೋರಾಗಿ ನಕ್ಕೆ.

ಇವತ್ತು ಇದೆಲ್ಲ ನೆನಪಾಗಿ ಶ್ರಾವಣಿಯ ಕೋಣೆಗೆ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಖಿಚಡಿ ಮುಟ್ಟಿರಲಿಲ್ಲ, ನೀರೂ ಹಾಗೆಯೇ ಇತ್ತು.

"ಯಾವ ದೇವರ ಉಪಾಸವಾ? ತಂಬಗಿ ಹಿಡಸೂ ದೇವರದೇನ?"

ತಿರುಗಿ ನೋಡಿದಳು. ತುಟಿ ಒಣಗಿದ್ದವು, ಆದರೂ ನಕ್ಕಳು. "ಆಜೀ, ನಿನಗ ಹ್ಯಾಂಗ ಗೊತ್ತಾತು?"

ನಾನು ಅಡುಗೆಮನೆಯ ಕಡೆ ತಿರುಗಿ ಕೂಗಿದೆ: "ಉಳಿದ ಖಿಚಡಿ ಒಲಿ ಮ್ಯಾಲಿಂದ ಇಳಸವಾ! ಹುಡುಗಿಗೆ ಜುಲಾಬ ಹತ್ಯಾವ. ಉಪ್ಪು-ಸಕ್ಕರಿ ಪುಡಿ ತಾ, ಡಾಕ್ಟರಿಗೆ ಫೋನ್ ಹಚ್ಚು!"

"ಹಳೂ ಬೋಲ್ ಆಜೀ, ಶೇಜಾರಚ್ಯಾಂನಾ ಐಕೂ ಜಾಯಿಲ್!" ಎಂದಳು ಶ್ರಾವಣಿ, ಮೆಲ್ಲಗೆ ಮಾತಾಡು, ಬಾಜೂ ಮನೆಯವರಿಗೆ ಕೇಳುತ್ತದೆ ಎಂದು.

ಕೇಳಲಿ ಬಿಡು.